ಬೆಳ್ಳಂದೂರಿನ ನೊರೆ, ಕೋಲಾರದ ನೀರು

2015ರ ಮೇ ತಿಂಗಳಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರುವರಿಯಲ್ಲಿ ಕೆರೆ ಮತ್ತೆ ಹೊಗೆಯಾಡಿತು. 2018ರ ಜನವರಿಯ ಬೆಂಕಿಯನ್ನು ಆರಿಸಲು ಸೇನೆಯ ಜವಾನರು ಇಳಿಯಬೇಕಾಯಿತು. ಈ ವರ್ಷಗಳ ನಡುವೆ ಜೋರು ಮಳೆ ಬಂದಾಗಲೆಲ್ಲ ಕೆರೆಯ ಕೋಡಿಯಲ್ಲಿ ಆಳೆತ್ತರದ ನೊರೆ ಎದ್ದು, ಗಾಳಿಗೆ ಹಾರಿ, ಯಮಲೂರಿನ ಸೇತುವೆಯ ಮೇಲೆ ಹೋಗುವವರ ಮೈಮೇಲೆ ಬೀಳುತ್ತಿತ್ತು. ಆ ಚಿತ್ರಗಳು ಲೋಕವನ್ನೆಲ್ಲ ಸುತ್ತಿದವು. ಕೆರೆ ಹೀಗೇಕಾಯಿತು ಎಂಬ ಪ್ರಶ್ನೆಗೆ ಮಾತ್ರ ಹತ್ತು ಬಾಯಲ್ಲಿ ಹತ್ತು ಉತ್ತರ ಬಂತು. ಕಾರ್ಖಾನೆಯ ರಾಸಾಯನಿಕ ಎಂದರು ಕೆಲವರು, ಅಪಾರ್ಟ್‌ಮೆಂಟಿನ ಕೊಳಚೆ ಎಂದರು ಕೆಲವರು. ಬಟ್ಟೆ ಸೋಪಿನ ಪುಡಿ, ಒತ್ತುವರಿ, ಅಧಿಕಾರಿಗಳ ನಿರ್ಲಕ್ಷ್ಯ, ಹೀಗೆ ಒಬ್ಬೊಬ್ಬರ ಬೊಟ್ಟು ಒಂದೊಂದು ಕಡೆಗಿತ್ತು.

ಈ ಉತ್ತರಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಯಾವುದು ಎಷ್ಟನ್ನು ವಿವರಿಸುತ್ತದೆ ಎಂಬುದನ್ನು ಬಿಡಿಸಿ ನೋಡದೆ ಹೋದರೆ ಪರಿಹಾರದ ಹಣ ತಪ್ಪು ಜಾಗಕ್ಕೆ ಹೋಗುತ್ತದೆ, ಹೋಗಿಯೂ ಇದೆ. ನನ್ನ ದೃಷ್ಟಿಯಲ್ಲಿ ಮೂಲ ಪ್ರಶ್ನೆ ನೊರೆಯದಲ್ಲ. ನೂರು ಕಿಲೋಮೀಟರ್ ದೂರದಿಂದ ನೀರನ್ನು ಮೇಲೆತ್ತಿ ತರುವ ನಗರ, ಬಳಸಿದ ಮೇಲೆ ಆ ನೀರು ಎಲ್ಲಿಗೆ ಹೋಗಬೇಕು, ಯಾವ ಸ್ಥಿತಿಯಲ್ಲಿ ಹೋಗಬೇಕು, ಅದರ ಭಾರ ಯಾರು ಹೊರಬೇಕು ಎಂಬುದನ್ನು ಸಕಾಲದಲ್ಲಿ ಕೇಳಿಕೊಳ್ಳಲಿಲ್ಲ. ಮುಂದಿನ ವಾದಗಳನ್ನೆಲ್ಲ ಈ ಹಿನ್ನೆಲೆಯಲ್ಲೇ ಓದಬೇಕು.

ಮಳೆನೀರಿಗೆಂದು ಕಟ್ಟಿದ ಕೆರೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ಪಕ್ಕದಲ್ಲಿ ದೊಡ್ಡ ಹೊಳೆಯಿಲ್ಲ. ಇಲ್ಲಿ ಬಿದ್ದ ಮಳೆ ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಎಂಬ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ವೃಷಭಾವತಿಯ ನೀರು ಅರ್ಕಾವತಿಯನ್ನು ಸೇರಿ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯಾಗುತ್ತದೆ. ಉಳಿದೆರಡು ಕಣಿವೆಗಳದ್ದು ದಕ್ಷಿಣ ಪಿನಾಕಿನಿಯ ಪಾಲು; ಅದು ಹೊಸೂರಿನ ಕಡೆಯಿಂದ ತಮಿಳುನಾಡಿಗೆ ಹೋಗುತ್ತದೆ. ಈ ಇಳಿಜಾರುಗಳಲ್ಲಿ ನಮ್ಮ ಹಿರಿಯರು ಏರಿ ಕಟ್ಟಿ, ಒಂದರ ಕೋಡಿ ನೀರು ಮುಂದಿನದಕ್ಕೆ ಹೋಗುವಂತೆ ಕೆರೆಗಳನ್ನು ಸಾಲಾಗಿ ಜೋಡಿಸಿದರು. ತೂಬು ಎತ್ತಿ ಗದ್ದೆಗೆ ನೀರು ಹಂಚಲು ನೀರುಗಂಟಿಯಿದ್ದ. ಬೇಸಿಗೆಯಲ್ಲಿ ಕೆರೆ ಒಣಗುತ್ತಿತ್ತು, ಊರವರು ಹೂಳು ತೆಗೆದು ಹೊಲಕ್ಕೆ ಹಾಕುತ್ತಿದ್ದರು. ಕೆರೆ ಒಣಗುವುದು ಆಗ ಕೇಡಾಗಿರಲಿಲ್ಲ. ತಳದ ಮಣ್ಣಿಗೆ ಬಿಸಿಲು, ಗಾಳಿ ತಾಗಿ ಅದು ತಾನಾಗಿ ಶುದ್ಧವಾಗುವ ಕಾಲ ಅದೇ ಆಗಿತ್ತು.

1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ, 1974ರಲ್ಲಿ ಕಾವೇರಿ. ಒಂದೊಂದು ಹಂತ ಮುಗಿದಾಗಲೂ ನಗರಕ್ಕೆ ತನ್ನ ಕೆರೆಗಳ ಅಗತ್ಯ ಕಡಿಮೆಯಾಯಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. ಉಳಿದ ಕೆರೆಗಳಿಗೆ ಬಚ್ಚಲ ನೀರು ಬರತೊಡಗಿತು. ನಾಲ್ಕನೇ ಹಂತದ ಹೊತ್ತಿಗೆ ಕಾವೇರಿಯಿಂದ ದಿನಕ್ಕೆ ಸುಮಾರು 1,450 ದಶಲಕ್ಷ ಲೀಟರ್ ಬರುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಇನ್ನೂ 775 ದಶಲಕ್ಷ ಲೀಟರನ್ನು ಸೇರಿಸಿತು. ಕೊಳವೆಬಾವಿಗಳದ್ದು ಬೇರೆ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಅಂದರೆ ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಒಣಗಲೆಂದು ಕಟ್ಟಿದ ಕೆರೆಗಳು ವರ್ಷದ 365 ದಿನವೂ ಹರಿಯುವ ಹೊಸದೊಂದು ಹೊಳೆಯನ್ನು ಹೊಟ್ಟೆಗೆ ಹಾಕಿಕೊಳ್ಳಬೇಕಾಯಿತು.

ಕಾರ್ಖಾನೆಯೇ ಕಾರಣ ಎಂಬ ವಾದ

ಹಳೆಯ ವಾದ ಇದು. ದೇಶದ ಜಲಮಾಲಿನ್ಯ ನಿಯಂತ್ರಣ ಕಾಯ್ದೆ ಬಂದದ್ದು 1974ರಲ್ಲಿ. ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿದ್ದೂ ಅದೇ ವರ್ಷ. ಪೀಣ್ಯದ ಸುತ್ತಲಿನ ಪಶ್ಚಿಮ ಕಣಿವೆಯಲ್ಲಿ ಈ ವಾದಕ್ಕೆ ಗಟ್ಟಿ ಆಧಾರವಿದೆ. ಲೋಹಕ್ಕೆ ಲೇಪ ಹಾಕುವ ಸಣ್ಣ ಘಟಕಗಳಿಂದ ಬಂದ ಕ್ರೋಮಿಯಂ ಅಲ್ಲಿನ ಅಂತರ್ಜಲಕ್ಕೆ ಇಳಿದಿದೆ. ಲೋಹ ಕೊಳೆತು ಹೋಗುವ ವಸ್ತುವಲ್ಲ. ಕೆಸರಿನಲ್ಲಿ ಕೂತರೆ ತಲೆಮಾರುಗಳವರೆಗೆ ಅಲ್ಲೇ ಇರುತ್ತದೆ. ಹಾಗಾಗಿ ಪ್ರಮಾಣದಲ್ಲಿ ಸಣ್ಣದಾದರೂ ಕೈಗಾರಿಕೆಯ ಪಾಲನ್ನು ಹಗುರವಾಗಿ ಕಾಣುವಂತಿಲ್ಲ.

ಬೆಳ್ಳಂದೂರಿನ ವಿಷಯದಲ್ಲಿ ಈ ವಾದ ಅಷ್ಟು ದೂರ ಹೋಗುವುದಿಲ್ಲ. ಆ ಕೆರೆಯ ಜಲಾನಯನದಲ್ಲಿ ಬಹುಪಾಲು ಮನೆ, ಅಂಗಡಿ, ಕಚೇರಿಗಳೇ ಇವೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಏಪ್ರಿಲ್‌ನಲ್ಲಿ ಕೆರೆಯ ಸುತ್ತಲಿನ ಮಾಲಿನ್ಯಕಾರಕ ಕೈಗಾರಿಕೆಗಳನ್ನು ಮುಚ್ಚುವಂತೆ ಆದೇಶಿಸಿತು. ಅದೇ ವರ್ಷದ ಆಗಸ್ಟ್‌ನ ಮಳೆಗೆ ನೊರೆ ಮತ್ತೆ ರಸ್ತೆಗೆ ಬಂತು. ಕಾರ್ಖಾನೆಯನ್ನು ದೂರುವುದು ನಮಗೆಲ್ಲ ಸುಲಭ, ಏಕೆಂದರೆ ಆಗ ನಮ್ಮ ಮನೆಯ ಬಚ್ಚಲು ಪ್ರಶ್ನೆಗೆ ಒಳಗಾಗುವುದಿಲ್ಲ.

ಕೊಳಚೆ ನೀರಿನ ಲೆಕ್ಕ

ಎರಡನೇ ವಾದ ಮನೆಯ ಕೊಳಚೆಯದು. ಶುದ್ಧ ನೀರಿನ ಒಂದು ಲೀಟರಿನಲ್ಲಿ ಕರಗಿರುವ ಆಮ್ಲಜನಕ ನಮ್ಮ ಹವೆಯಲ್ಲಿ ಏಳೆಂಟು ಮಿಲಿಗ್ರಾಂ. ಸಂಸ್ಕರಿಸದ ಮನೆಗೊಳಚೆಯ ಒಂದು ಲೀಟರಿನಲ್ಲಿರುವ ಕೊಳೆಯುವ ವಸ್ತುವನ್ನು ಬ್ಯಾಕ್ಟೀರಿಯಾಗಳು ಅರಗಿಸಲು ಬೇಕಾಗುವ ಆಮ್ಲಜನಕ 200ರಿಂದ 300 ಮಿಲಿಗ್ರಾಂ. ಒಂದು ಕೊಡ ಕೊಳಚೆ ಮೂವತ್ತು ಕೊಡ ಒಳ್ಳೆಯ ನೀರಿನ ಉಸಿರನ್ನು ಹೀರುತ್ತದೆ ಎಂದಂತಾಯಿತು. ಆಮ್ಲಜನಕ ಮುಗಿದ ಮೇಲೆ ಮೀನು ಬದುಕುವುದಿಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ದಡದಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದನ್ನು ನಗರ ನೋಡಿದೆ. ಆಮೇಲೆ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ಕೆಲಸಕ್ಕಿಳಿಯುತ್ತವೆ. ಮೀಥೇನ್, ಕೊಳೆತ ಮೊಟ್ಟೆ ನಾರುವ ಹೈಡ್ರೋಜನ್ ಸಲ್ಫೈಡ್ ಏಳುತ್ತವೆ. ಕೆರೆಯ ಹತ್ತಿರದ ಮನೆಗಳಲ್ಲಿ ಬೆಳ್ಳಿ ಪಾತ್ರೆ ಕಪ್ಪಾಗುವುದು ಈ ಅನಿಲದಿಂದ.

ಹಾಗಾದರೆ ಸಂಸ್ಕರಣಾ ಘಟಕಗಳು ಇಲ್ಲವೇ? ಇವೆ, ವರ್ಷ ವರ್ಷವೂ ಹೆಚ್ಚುತ್ತಿವೆ. ತೊಡಕಿರುವುದು ಕೊಳಚೆಯನ್ನು ಘಟಕದವರೆಗೆ ತಲುಪಿಸುವುದರಲ್ಲಿ. ನಗರ ಹೊರಕ್ಕೆ ಹರಡಿದ ವೇಗದಲ್ಲಿ ಒಳಚರಂಡಿ ಹರಡಲಿಲ್ಲ. ಹೊಸ ಬಡಾವಣೆ ಎದ್ದಾಗ ಪಕ್ಕದಲ್ಲಿ ಹಾದುಹೋಗುವ ರಾಜಕಾಲುವೆಯೇ ಎಲ್ಲರ ಕೈಗೆಟಕುವ ಮೋರಿಯಾಯಿತು. ಎಷ್ಟೋ ಕಡೆ ಒಳಚರಂಡಿಯ ಕೊಳವೆಯೇ ಒಡೆದು ಅಥವಾ ತುಂಬಿ ಕಾಲುವೆಗೆ ಹರಿಯುತ್ತದೆ. ಇದನ್ನು ಸರಿಪಡಿಸಲು ಜಲಮಂಡಳಿ 2016ರ ಸುಮಾರಿಗೆ ದೊಡ್ಡ ಅಪಾರ್ಟ್‌ಮೆಂಟುಗಳೆಲ್ಲ ತಮ್ಮದೇ ಸಂಸ್ಕರಣಾ ಘಟಕ ನಡೆಸಬೇಕೆಂದು ಹೊರಟಿತು. ಹಳೆಯ ಕಟ್ಟಡಗಳಿಗೂ ಅದನ್ನು ಅನ್ವಯಿಸಿದಾಗ ನಿವಾಸಿಗಳು ಬೀದಿಗಿಳಿದರು. ಒಳಚರಂಡಿ ಶುಲ್ಕ ಕಟ್ಟುತ್ತಿರುವ ನಾವು ಘಟಕವನ್ನೂ ಏಕೆ ಕಟ್ಟಿಕೊಳ್ಳಬೇಕು ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ನೆಲಮಾಳಿಗೆಯ ಸಣ್ಣ ಘಟಕವನ್ನು ನುರಿತವರಿಲ್ಲದೆ ನಡೆಸುವುದು ಕಷ್ಟ. ಕರೆಂಟ್ ಬಿಲ್ ಉಳಿಸಲು ಗಾಳಿಯೂದುವ ಯಂತ್ರ ನಿಲ್ಲಿಸಿದರೆ ಒಳಗೆ ಹೋದ ಕೊಳಚೆ ಕೊಳಚೆಯಾಗಿಯೇ ಹೊರಬರುತ್ತದೆ. ಆದರೆ ಎಲ್ಲವನ್ನೂ ದೂರದ ದೊಡ್ಡ ಘಟಕಕ್ಕೆ ಒಯ್ಯುವುದೂ ಸುಲಭವಲ್ಲ. ದೊಡ್ಡ ಘಟಕವೋ, ಬೀದಿಬೀದಿಯ ಸಣ್ಣ ಘಟಕವೋ ಎಂಬ ಚರ್ಚೆ ಎಂಜಿನಿಯರುಗಳ ನಡುವೆ ಇಂದಿಗೂ ನಡೆದಿದೆ.

ನೊರೆ ಮಳೆಗಾಲದಲ್ಲೇ ಏಕೆ?

ಕೊಳಚೆ ವರ್ಷವಿಡೀ ಬರುತ್ತದೆ, ಜೋರು ನೊರೆ ಮಾತ್ರ ಮಳೆಗೆ ಏಳುತ್ತದೆ. ಕೊಳಚೆಯ ವಾದವೊಂದೇ ಇದನ್ನು ಬಿಡಿಸಲಾರದು. ಇಲ್ಲಿ ಮಾರ್ಜಕಗಳ ರಸಾಯನ ಪ್ರವೇಶಿಸುತ್ತದೆ.

ನೊರೆ ಹುಟ್ಟಿಸುವುದು ಮಾರ್ಜಕದಲ್ಲಿರುವ ಒಂದು ಬಗೆಯ ಅಣು. ಅದರ ಒಂದು ತುದಿ ನೀರಿಗೆ ಅಂಟುತ್ತದೆ, ಇನ್ನೊಂದು ತುದಿ ಜಿಡ್ಡಿಗೆ. ಎರಡನೇ ಮಹಾಯುದ್ಧದ ನಂತರ ಯುರೋಪು, ಅಮೆರಿಕಗಳಲ್ಲಿ ಮಾರಾಟಕ್ಕೆ ಬಂದ ಮಾರ್ಜಕಗಳ ಅಣು ಕವಲೊಡೆದದ್ದಾಗಿತ್ತು, ಬ್ಯಾಕ್ಟೀರಿಯಾಗಳಿಗೆ ಅದನ್ನು ಅರಗಿಸಲಾಗುತ್ತಿರಲಿಲ್ಲ. ಅಲ್ಲಿನ ನದಿಗಳ ಮೇಲೂ ಆಗ ನೊರೆಗುಡ್ಡಗಳೆದ್ದವು. ಪಶ್ಚಿಮ ಜರ್ಮನಿ 1961ರಲ್ಲಿ ಕಾನೂನು ಮಾಡಿ, ಮಾರ್ಜಕ ಜೈವಿಕವಾಗಿ ಕರಗಲೇಬೇಕೆಂದು ವಿಧಿಸಿತು; 1960ರ ದಶಕದ ನಡುವೆ ಅಮೆರಿಕದ ತಯಾರಕರೂ ನೇರ ಸರಪಳಿಯ ಅಣುವಿಗೆ ಬದಲಾದರು. ನಾವು ಇಂದು ಬಳಸುವ ಪುಡಿಗಳಲ್ಲಿ ಇರುವುದೂ ಹೆಚ್ಚಾಗಿ ಅದೇ. ಅದು ಕರಗುತ್ತದೆ ಎಂಬುದು ನಿಜ, ಆದರೆ ಸರಿಯಾಗಿ ಕರಗಲು ಆಮ್ಲಜನಕ ಬೇಕು. ನಮ್ಮ ಕೆರೆಗಳಲ್ಲಿ ಇಲ್ಲದಿರುವುದೇ ಅದು.

ಭಾರತೀಯ ವಿಜ್ಞಾನ ಸಂಸ್ಥೆಯ ಸುಸ್ಥಿರ ತಂತ್ರಜ್ಞಾನ ಕೇಂದ್ರದ ಸಂಶೋಧಕರು ಬೆಳ್ಳಂದೂರಿನ ನೊರೆಯನ್ನು ವರ್ಷಗಳ ಕಾಲ ಗಮನಿಸಿ ಕೊಟ್ಟ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಕೊಳಚೆಯೊಡನೆ ಬಂದ ಮಾರ್ಜಕದಲ್ಲಿ ಸ್ವಲ್ಪ ಭಾಗ ಕೆರೆಯಲ್ಲಿ ಕೊಳೆಯುತ್ತದೆ. ಉಳಿದದ್ದು ಕೆಸರಿನ ಕಣಗಳಿಗೆ ಅಂಟಿ ತಳಕ್ಕಿಳಿಯುತ್ತದೆ, ತಿಂಗಳುಗಟ್ಟಲೆ ಶೇಖರವಾಗುತ್ತದೆ. ಜೋರು ಮಳೆ ಬಂದಾಗ ನುಗ್ಗಿದ ನೀರು ತಳದ ಕೆಸರನ್ನು ಕಲಕುತ್ತದೆ, ಅಂಟಿದ್ದ ಮಾರ್ಜಕ ಬಿಡುಗಡೆಯಾಗುತ್ತದೆ. ಕೆರೆಯ ಮಟ್ಟ ಏರಿ ಕೋಡಿಯಿಂದ ಧುಮುಕುವಾಗ ಗಾಳಿ ಬೆರೆತು ನೊರೆಯಾಗುತ್ತದೆ. ನೀರಿನಲ್ಲಿ ತೇಲುವ ಕಣಗಳು, ಅವುಗಳಲ್ಲಿರುವ ಬ್ಯಾಕ್ಟೀರಿಯಾಗಳು ಆ ಗುಳ್ಳೆಗಳನ್ನು ಬೇಗ ಒಡೆಯದಂತೆ ಹಿಡಿದಿಡುತ್ತವೆ. ಮಳೆಗಾಲದ ಗುಟ್ಟು, ಕೋಡಿಯ ಬಳಿಯೇ ನೊರೆ ಏಳುವ ಗುಟ್ಟು, ಎರಡೂ ಇದರಲ್ಲಿ ಬಿಡಿಸಿಕೊಳ್ಳುತ್ತವೆ. ಇದು ಸರಿಯಾದರೆ, ಇಂದು ಕೊಳಚೆ ನಿಂತರೂ ಹಳೆಯ ಹೂಳು ಇರುವವರೆಗೆ ನೊರೆ ನಿಲ್ಲುವುದಿಲ್ಲ.

ಇದರ ಪಕ್ಕದಲ್ಲೇ ರಂಜಕದ ವಾದವಿದೆ. ಅದೇ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಅವರ ತಂಡ ಮಾರ್ಜಕಗಳಲ್ಲಿರುವ ರಂಜಕವನ್ನು ನಿಷೇಧಿಸಬೇಕೆಂದು ವರ್ಷಗಳಿಂದ ಒತ್ತಾಯಿಸುತ್ತ ಬಂದಿದೆ. ರಂಜಕದ ಪ್ರಭಾವವನ್ನು ಕಣ್ಣಿಗೆ ಕಾಣುವಂತೆ ತೋರಿಸಿದ್ದು ಕೆನಡಾದ ವಿಜ್ಞಾನಿ ಡೇವಿಡ್ ಶಿಂಡ್ಲರ್. 1973ರಲ್ಲಿ ಅವರ ತಂಡ ಆಂಟಾರಿಯೊದ ಕೆರೆಯೊಂದರ ನಡುವೆ ಪರದೆ ಕಟ್ಟಿ, ಒಂದು ಭಾಗಕ್ಕೆ ಇಂಗಾಲ, ಸಾರಜನಕ ಮಾತ್ರ, ಇನ್ನೊಂದಕ್ಕೆ ಅವುಗಳ ಜೊತೆ ರಂಜಕವನ್ನೂ ಹಾಕಿತು. ರಂಜಕ ಬಿದ್ದ ಭಾಗ ಪಾಚಿಯಿಂದ ಹಸಿರಾಯಿತು. ನಮ್ಮ ಕೆರೆಗಳಲ್ಲಿ ಜೊಂಡು, ಅಂತರಗಂಗೆ ದಟ್ಟವಾಗಿ ಹಬ್ಬುವುದಕ್ಕೆ ಈ ಗೊಬ್ಬರವೇ ಕಾರಣ. ಆದರೆ ರಂಜಕ ತಾನೇ ನೊರೆಯಾಗುವುದಿಲ್ಲ. ಅದು ಕಳೆ ಬೆಳೆಸುತ್ತದೆ, ಕಳೆ ನೀರಿನ ಮೇಲೆ ಹೊದಿಕೆಯಾಗಿ ಗಾಳಿಯನ್ನು ತಡೆಯುತ್ತದೆ, ಆಮ್ಲಜನಕ ಇನ್ನೂ ಇಳಿಯುತ್ತದೆ. ಸುದ್ದಿಗಳಲ್ಲಿ ರಂಜಕವನ್ನೂ ನೊರೆಯನ್ನೂ ನೇರವಾಗಿ ಗಂಟು ಹಾಕಿದ್ದರಿಂದ, ರಂಜಕವಿಲ್ಲದ ಪುಡಿ ಬಂದರೆ ನೊರೆ ಮಾಯವಾಗುತ್ತದೆಂಬ ಭ್ರಮೆ ಹುಟ್ಟಿತು. ರಂಜಕಕ್ಕೆ ಇನ್ನೊಂದು ದೊಡ್ಡ ಮೂಲವೂ ಇದೆ: ಮನುಷ್ಯರ ಮಲಮೂತ್ರ. ಅದನ್ನು ಯಾವ ನಿಷೇಧವೂ ತಡೆಯಲಾರದು.

ಬೆಂಕಿಯ ಬಗ್ಗೆ ಒಮ್ಮತ ಇಷ್ಟೂ ಇಲ್ಲ. ತಳದಿಂದೆದ್ದ ಮೀಥೇನ್ ಎಂದು ಕೆಲವರು, ನೊರೆಗೆ ಅಂಟಿದ ಎಣ್ಣೆ-ಗ್ರೀಸ್ ಎಂದು ಕೆಲವರು, ದಡದ ಒಣಹುಲ್ಲಿಗೆ, ಕಸಕ್ಕೆ ಯಾರೋ ಹಚ್ಚಿದ ಬೆಂಕಿ ಎಂದು ಕೆಲವರು ಹೇಳಿದರು. ಮೂರು ಘಟನೆಗಳಿಗೂ ಒಂದೇ ಕಾರಣ ಇರಬೇಕೆಂದೇನೂ ಇಲ್ಲ.

ಯಾರ ಕೆರೆ, ಯಾರ ಕಾಲುವೆ

ಇನ್ನೊಂದು ಗುಂಪು ರಸಾಯನವನ್ನು ಬದಿಗಿಟ್ಟು ನೆಲವನ್ನು, ಆಡಳಿತವನ್ನು ನೋಡುತ್ತದೆ. ರಾಜಕಾಲುವೆ ಒತ್ತುವರಿಯಾಗಿ ಮಳೆನೀರು ಕೆರೆಗೆ ಬರುವ ದಾರಿ ಮುಚ್ಚಿತು, ಕೆರೆಗಳ ಸರಪಳಿ ಕಡಿಯಿತು, ಮಧ್ಯದ ಕೆರೆಗಳು ಮಾಯವಾದಾಗ ಮೇಲಿನ ಊರಿನ ಕೊಳಚೆಯೆಲ್ಲ ಕೊನೆಯ ದೊಡ್ಡ ಕೆರೆಗಳಾದ ಬೆಳ್ಳಂದೂರು, ವರ್ತೂರುಗಳ ಮೇಲೆ ಬಿತ್ತು ಎಂಬುದು ಇವರ ನಿಲುವು. ಇದರಲ್ಲಿ ಬಹಳ ಸತ್ಯವಿದೆ. 1980ರ ದಶಕದ ಲಕ್ಷ್ಮಣರಾವ್ ಸಮಿತಿಯಿಂದ 2011ರ ನ್ಯಾಯಮೂರ್ತಿ ಎನ್. ಕೆ. ಪಾಟೀಲ್ ಸಮಿತಿಯವರೆಗೆ ಕೆರೆಗಳ ಬಗ್ಗೆ ವರದಿಗಳು ಬಂದಿವೆ. ಆದರೆ ಹೊಣೆ ಹಲವರಲ್ಲಿ ಹಂಚಿಹೋಗಿದೆ: ಕೊಳವೆ ಜಲಮಂಡಳಿಯದು, ರಾಜಕಾಲುವೆ ಪಾಲಿಕೆಯದು, ಕೆರೆಯ ಅಂಗಳ ಒಮ್ಮೆ ಬಿಡಿಎಯದು ಒಮ್ಮೆ ಪಾಲಿಕೆಯದು, ನೀರಿನ ಪರೀಕ್ಷೆ ಮಾಲಿನ್ಯ ಮಂಡಳಿಯದು. 2014ರ ಕಾಯ್ದೆಯಿಂದ ಹುಟ್ಟಿದ ಕೆರೆ ಸಂರಕ್ಷಣಾ ಪ್ರಾಧಿಕಾರ ನಾಲ್ಕೇ ವರ್ಷಕ್ಕೆ ರದ್ದಾಯಿತು. 2018ರ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯಕ್ಕೆ 50 ಕೋಟಿ, ಆಗಿನ ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿ, ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಮೇಲ್ವಿಚಾರಣೆಯಲ್ಲಿ ಸಮಿತಿ ರಚಿಸಿತು. ಕೊಳಚೆಯನ್ನು ಬೇರೆ ಕಾಲುವೆಗೆ ತಿರುಗಿಸಿ ಬೆಳ್ಳಂದೂರು, ವರ್ತೂರುಗಳ ಹೂಳೆತ್ತುವ ಕೆಲಸ ವೇಗ ಪಡೆದದ್ದು ಆ ಒತ್ತಡದಿಂದ.

ಆದರೆ ಒತ್ತುವರಿ ತೆರವಾದ ಮಾತ್ರಕ್ಕೆ ನೀರು ಶುದ್ಧವಾಗುವುದಿಲ್ಲ. ತೆರವಾದ ಕಾಲುವೆಯಲ್ಲಿ ಕೊಳಚೆ ಇನ್ನೂ ಸರಾಗವಾಗಿ ಹರಿಯುತ್ತದೆ. ನೆಲದ ವಾದ ಪ್ರವಾಹವನ್ನು ಚೆನ್ನಾಗಿ ವಿವರಿಸುತ್ತದೆ, ಮಾಲಿನ್ಯವನ್ನು ಅರ್ಧ ಮಾತ್ರ.

ಕೆಳಗಿನ ಊರುಗಳ ಪಾಡು

ಪರಿಣಾಮದ ಚರ್ಚೆ ನಗರದ ದುರ್ವಾಸನೆಗೆ ನಿಂತುಬಿಡುವುದು ನನಗೆ ಯಾವಾಗಲೂ ನೋವಿನ ಸಂಗತಿ. ಹೆಚ್ಚಿನ ಭಾರ ಬೀಳುವುದು ಕಣಿವೆಯ ಕೆಳಗಿನವರ ಮೇಲೆ. ಬಿಡದಿಯ ಬಳಿಯ ಬೈರಮಂಗಲ ಜಲಾಶಯಕ್ಕೆ ವೃಷಭಾವತಿ ನಗರದ ಕೊಳಚೆಯನ್ನು ಹೊತ್ತು ತರುತ್ತದೆ. ಭತ್ತ ಬೆಳೆಯುತ್ತಿದ್ದ ರೈತರು ಬೇಬಿಕಾರ್ನ್, ಹಿಪ್ಪುನೇರಳೆ, ಹಸುವಿನ ಹುಲ್ಲಿಗೆ ಬದಲಾಗಿದ್ದಾರೆ. ಅವರ ಸ್ಥಿತಿ ಎರಡು ಬಗೆಯದು: ವರ್ಷವಿಡೀ ನೀರು ಸಿಗುತ್ತದೆ, ಅದರಲ್ಲಿ ಗೊಬ್ಬರದ ಅಂಶವೂ ಇದೆ, ಜೊತೆಗೆ ಗದ್ದೆಗಿಳಿದರೆ ಚರ್ಮದ ತುರಿಕೆ, ಬಾವಿಯ ನೀರು ಕುಡಿಯಲಾಗದ ಸ್ಥಿತಿ. ಆ ಹುಲ್ಲು ತಿಂದ ಹಸುವಿನ ಹಾಲು, ಆ ನೀರಿನ ತರಕಾರಿ ಮತ್ತೆ ಬೆಂಗಳೂರಿಗೇ ಬರುತ್ತವೆ. ಅರ್ಕಾವತಿಯ ಇನ್ನೊಂದು ಭಾಗದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಮೇಲಿನಿಂದ ಬರುವ ನೀರು ಬತ್ತಿ, ಬಂದದ್ದು ಕೆಟ್ಟು, 2010ರ ದಶಕದಲ್ಲಿ ನಗರಕ್ಕೆ ನೀರು ಕೊಡುವುದನ್ನೇ ನಿಲ್ಲಿಸಿತು.

ಪೂರ್ವದ ಕಡೆ ದಕ್ಷಿಣ ಪಿನಾಕಿನಿಯ ಮೂಲಕ ನೊರೆ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ಏಳುತ್ತದೆ, ತಮಿಳುನಾಡಿನ ರೈತರು ದೂರುತ್ತಾರೆ. ಕಾವೇರಿಯ ವಿಷಯದಲ್ಲಿ ಎರಡು ರಾಜ್ಯಗಳು ನೀರಿನ ಪ್ರಮಾಣಕ್ಕಾಗಿ ದಶಕಗಳಿಂದ ಕಾದಾಡಿವೆ. ನೀರಿನ ಗುಣದ ಬಗ್ಗೆ ಅಷ್ಟೇ ಗಂಭೀರ ಮಾತುಕತೆ ನಡೆಯಬೇಕಿದೆ. ಕಣ್ಣಿಗೆ ಕಾಣದ ಇನ್ನೊಂದು ಪರಿಣಾಮ ನೈಟ್ರೇಟ್. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ಮಾನದಂಡ. ಕೊಳಚೆ ಇಂಗಿದ ಕಡೆಯ ಕೊಳವೆಬಾವಿಗಳಲ್ಲಿ ಅದು ಮೀರುತ್ತದೆ. ಬಣ್ಣ, ವಾಸನೆ ಇಲ್ಲದ ಕಾರಣ ಕುಡಿಯುವವರಿಗೆ ಗೊತ್ತಾಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಅಪಾಯ ಹೆಚ್ಚು ಹಸುಗೂಸುಗಳಿಗೆ.

ಕೋಲಾರದ ಪ್ರಯೋಗ

ಚರ್ಚೆಯ ದಿಕ್ಕನ್ನೇ ಬದಲಿಸಿದ್ದು ಕೆ.ಸಿ. ವ್ಯಾಲಿ ಯೋಜನೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಘಟಕಗಳಲ್ಲಿ ಎರಡು ಹಂತ ಸಂಸ್ಕರಿಸಿದ ದಿನಕ್ಕೆ 440 ದಶಲಕ್ಷ ಲೀಟರ್ ನೀರನ್ನು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬಿಸುವುದು ಅದರ ಗುರಿ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಬರುತ್ತದೆ. ಟೊಮೆಟೊ, ರೇಷ್ಮೆ, ಹಾಲು ನಂಬಿದ ಆ ನಾಡಿಗೆ ನೀರೆಂದರೆ ಪ್ರಾಣ. 2018ರ ಜೂನ್‌ನಲ್ಲಿ ನೀರು ಲಕ್ಷ್ಮೀಸಾಗರ ಕೆರೆ ತಲುಪಿತು. ಮುಂದಿನ ತಿಂಗಳೇ ಅಲ್ಲಿ ನೊರೆ ಕಂಡಿತು, ಹರಿವು ನಿಂತಿತು, ವಿವಾದ ಹೈಕೋರ್ಟಿಗೆ ಹೋಯಿತು. 2019ರ ಆರಂಭದಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿ, ಕೆಲ ತಿಂಗಳಲ್ಲಿ ತೆರವುಗೊಳಿಸಿತು. ನೀರು ಮತ್ತೆ ಹರಿಯಿತು.

ಇಲ್ಲಿ ಎರಡು ಪಕ್ಷಗಳೂ ರೈತರದ್ದೇ. ದಶಕಗಳ ನಂತರ ಕೆರೆ ತುಂಬಿತು, ಬತ್ತಿದ ಬಾವಿಯಲ್ಲಿ ನೀರು ಕಂಡಿತು ಎನ್ನುತ್ತದೆ ಒಂದು ಪಕ್ಷ. ಅಂತರ್ಜಲ ಏರಿದ್ದನ್ನು ವಿಜ್ಞಾನ ಸಂಸ್ಥೆಯ ಅಧ್ಯಯನವೂ ದಾಖಲಿಸಿದೆ. ಶಾಶ್ವತ ನೀರಾವರಿಗಾಗಿ ಹೋರಾಡುತ್ತಿರುವ ಇನ್ನೊಂದು ಪಕ್ಷ ಕೇಳುವುದು ಮೂರನೇ ಹಂತದ ಸಂಸ್ಕರಣೆಯನ್ನು. ಎರಡನೇ ಹಂತದಲ್ಲಿ ಕೊಳೆಯುವ ವಸ್ತು ಹೋಗುತ್ತದೆ. ಸಾರಜನಕ, ರಂಜಕ, ಲೋಹ, ಔಷಧದ ಅಂಶಗಳು ಪೂರ್ತಿ ಹೋಗುವುದಿಲ್ಲ. ಅಂತರ್ಜಲವೇ ಕುಡಿಯುವ ನೀರಾಗಿರುವ ಊರಿನಲ್ಲಿ ಅದು ಒಮ್ಮೆ ಕೆಟ್ಟರೆ ತಿದ್ದುವುದು ಯಾರಿಂದಲೂ ಆಗದು ಎಂಬ ಅವರ ಆತಂಕವನ್ನು ಅಭಿವೃದ್ಧಿ ವಿರೋಧ ಎಂದು ತಳ್ಳಿಹಾಕುವುದು ಅನ್ಯಾಯ. ಯೋಜನೆ ನಿಲ್ಲಬೇಕೆಂದು ನಾನು ಹೇಳಲಾರೆ. ಮೂರನೇ ಹಂತದ ಬೇಡಿಕೆ ಸರಿ ಎಂದು ಹೇಳಬಲ್ಲೆ.

ನಡುದಾರಿಯ ಒಂದು ಮಾದರಿ ನಗರದೊಳಗೇ ಇದೆ. ಜಕ್ಕೂರು ಕೆರೆಯ ತಲೆಭಾಗದಲ್ಲಿ ದಿನಕ್ಕೆ 10 ದಶಲಕ್ಷ ಲೀಟರಿಗೆ ಕಟ್ಟಿದ ಘಟಕದ ನೀರು ಮೊದಲು ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹರಿದು, ಆಮೇಲೆ ಕೆರೆ ಸೇರುತ್ತದೆ. ಜೌಗಿನ ಗಿಡಗಳೂ ಅವುಗಳ ಬೇರಿನ ಸೂಕ್ಷ್ಮಜೀವಿಗಳೂ ಸಾರಜನಕ, ರಂಜಕಗಳ ಒಂದು ಭಾಗವನ್ನು ಹಿಡಿಯುತ್ತವೆ. ಆದರೆ ಮೇಲಿನಿಂದ ಸಂಸ್ಕರಿಸದ ಕೊಳಚೆ ನುಗ್ಗಿದ ದಿನ ಅಲ್ಲೂ ತೊಂದರೆಯಾಗುತ್ತದೆ, ಗಿಡ ಕಾಲಕಾಲಕ್ಕೆ ಕತ್ತರಿಸದಿದ್ದರೆ ಹಿಡಿದದ್ದೆಲ್ಲ ಮರಳಿ ನೀರಿಗೇ ಬರುತ್ತದೆ.

ಇತ್ಯರ್ಥವಾಗದೆ ಉಳಿದದ್ದು

ಕೊಳಚೆ, ಮಾರ್ಜಕ, ಹೂಳು ಮೂರೂ ಸೇರಿ ನೊರೆಯಾಗುತ್ತದೆ ಎಂಬಲ್ಲಿಗೆ ವಿಜ್ಞಾನ ಹೆಚ್ಚುಕಡಿಮೆ ಬಂದು ನಿಂತಿದೆ. ಮುಂದಿನ ಪ್ರಶ್ನೆಗಳು ತೆರೆದೇ ಇವೆ. ಎತ್ತಿದ ಹೂಳಿನಲ್ಲಿರುವ ಲೋಹ ಎಲ್ಲಿಗೆ ಹೋಗಬೇಕು, ಅದನ್ನು ಹೊಲಕ್ಕೆ ಹಾಕಬಹುದೇ ಎಂಬುದಕ್ಕೆ ಎಲ್ಲರೂ ಒಪ್ಪಿದ ಉತ್ತರವಿಲ್ಲ. ಸಂಸ್ಕರಿಸಿದ ನೀರು ಎಷ್ಟು ಶುದ್ಧವಿರಬೇಕು ಎಂಬ ಮಾನದಂಡವೇ ಅಲುಗಾಡುತ್ತಿದೆ: 2017ರ ಕೇಂದ್ರದ ಅಧಿಸೂಚನೆ ದೊಡ್ಡ ನಗರಗಳಿಗೆ ಕೊಳೆಯುವ ವಸ್ತು ಬೇಡುವ ಆಮ್ಲಜನಕದ ಮಿತಿಯನ್ನು ಲೀಟರಿಗೆ 20 ಮಿಲಿಗ್ರಾಂ ಎಂದಿತು, 2019ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 10ಕ್ಕೆ ಇಳಿಸಬೇಕು ಎಂದಿತು. ಔಷಧ, ಹಾರ್ಮೋನುಗಳ ಸೂಕ್ಷ್ಮ ಅಂಶಗಳು ಆ ಲೆಕ್ಕದೊಳಗೇ ಬರುವುದಿಲ್ಲ. ಕೊಳಚೆಯಲ್ಲಿ ಬೆಳೆಯುವ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಬಗ್ಗೆ ನಿಯಮ ಇನ್ನೂ ರೂಪುಗೊಳ್ಳಬೇಕು. ಮಳೆನೀರಿನ ಕೆರೆಯನ್ನು ಮತ್ತೆ ಮಳೆನೀರಿಗೇ ಬಿಟ್ಟು ಬೇಸಿಗೆಯಲ್ಲಿ ಒಣಗಲು ಬಿಡಬೇಕೋ, ಸಂಸ್ಕರಿಸಿದ ನೀರಿನಿಂದ ವರ್ಷವಿಡೀ ತುಂಬಿಡಬೇಕೋ ಎಂಬುದರಲ್ಲಿ ಕೆರೆಪ್ರೇಮಿಗಳೇ ಎರಡು ಪಾಲಾಗಿದ್ದಾರೆ. ಕೋಲಾರಕ್ಕೆ ಮೂರನೇ ಹಂತದ ಸಂಸ್ಕರಣೆ ಬಂದರೆ ಅದರ ಖರ್ಚನ್ನು ಬೆಂಗಳೂರಿನ ನೀರಿನ ಬಿಲ್ಲಿಗೆ ಸೇರಿಸಬೇಕೋ, ರಾಜ್ಯದ ಬೊಕ್ಕಸದಿಂದ ಕೊಡಬೇಕೋ? ಐದನೇ ಹಂತದ ಕಾವೇರಿ ನೀರು ಈಗಾಗಲೇ ಮನೆಗಳಿಗೆ ಬರುತ್ತಿರುವುದರಿಂದ ಈ ಪ್ರಶ್ನೆಗೆ ಹೆಚ್ಚು ಕಾಲ ಕಾಯುವ ಅವಕಾಶವಿಲ್ಲ.